ಹದಿಮೂರರ ಮಗ್ಗಿ ಮತ್ತು ಅರಬ್ಬಿ ಸಮುದ್ರ

ಪುಟ್ಟೀ, ಬಾಳ್ಯಾ, ನಾವು ಹಾಯಿದೋಣಿಯಲ್ಲಿ ಹೋಗಿ ಬಂದದ್ದನ್ನು ನಿಮ್ಮ ಅಪ್ಪ ಪುಣೆಯ ವಾಕಡದ ನಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಅವರ ಕಥೆಯಲ್ಲಿ ಗಾಳಿ ಇರುತ್ತದೆ, ಅಲೆ ಇರುತ್ತದೆ, ನಕ್ಷೆ ಇರುತ್ತದೆ. ನಿಮ್ಮ ಅಜ್ಜಿ ನಾನು ಮಾತ್ರ ಇರುವುದಿಲ್ಲ. ಇದ್ದರೂ ಹೊಟ್ಟೆ ತೊಳಸಿಕೊಂಡು ಮೂಲೆಯಲ್ಲಿ ಮಲಗಿರುತ್ತೇನೆ. ಹಾಗೆ ಮಲಗಿದ್ದು ಮೂರೇ ದಿನ. ಉಳಿದ ಎರಡೂವರೆ ತಿಂಗಳು ನಾನು ಎದ್ದೇ ಇದ್ದೆ. ಇದನ್ನು ಎದುರು ಕೂತು ಹೇಳಲು ನನಗೆ ಸಂಕೋಚ. ಹಾಲಿನವನಿಗೆ ಅರ್ಧ ಲೀಟರ್ ಹೆಚ್ಚು ಹಾಕು ಎನ್ನಲಿಕ್ಕೂ ಚೀಟಿ ಬರೆದು ಬಾಗಿಲಿಗೆ ಸಿಕ್ಕಿಸುವವಳು ನಾನು, ನಿಮಗೆ ಗೊತ್ತಲ್ಲ. ಆದ್ದರಿಂದ ಬರೆಯುತ್ತೇನೆ. ಕಲಿತದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ. ತಪ್ಪಿದ್ದರೆ ತಿದ್ದಿಕೊಳ್ಳಿರಿ, ಅದಕ್ಕೆ ನಗಬೇಡಿರಿ. ನಗುವ ಜಾಗಗಳು ಬೇರೆ ಇವೆ.

ಮೊದಲು ಪುಟ್ಟಿಯ ಬಾಯಿಯ ವಿಷಯ. ಆಗ ನಿನಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಮನೆಯಲ್ಲಿ ನಿನ್ನ ಬಾಯಿ ಹಿಟ್ಟಿನ ಗಿರಣಿ. ಶಾಲೆಯ ಗೇಟು ದಾಟಿತೋ, ಬೀಗ. ಎರಡು ವರ್ಷದಿಂದ ಆ ಶಾಲೆಯಲ್ಲಿ ಒಬ್ಬರೂ ನಿನ್ನ ದನಿ ಕೇಳಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದೆ, ಪ್ರಶ್ನೆ ಕೇಳಿದರೆ ಉತ್ತರ ಬರೆದು ತೋರಿಸುತ್ತಿದ್ದೆ. ಎಲ್ಲರೂ ಈ ಗುಣ ಎಲ್ಲಿಂದ ಬಂತು ಎಂದು ಆಶ್ಚರ್ಯಪಡುತ್ತಿದ್ದರು. ನನಗೆ ಆಶ್ಚರ್ಯ ಇರಲಿಲ್ಲ. ನಮ್ಮ ಊರ ಶಾಲೆಗೆ ಒಮ್ಮೆ ಇನ್ಸ್‌ಪೆಕ್ಟರು ಬಂದಾಗ ನನ್ನ ಹೆಸರು ಕೇಳಿದರು. ನಾನು ನೆಲ ನೋಡುತ್ತ ನಿಂತೆ. ಪಕ್ಕದವಳು ಪಾಪ ತನ್ನನ್ನೇ ಕೇಳಿದರೆಂದು ತನ್ನ ಹೆಸರು ಹೇಳಿದಳು. ಅದನ್ನೇ ಅವರು ಬರೆದುಕೊಂಡರು. ಸರಕಾರದ ಆ ಕಾಗದದಲ್ಲಿ ನಾನು ಇವತ್ತಿಗೂ ಅವಳೇ. ನಿನಗೆ ಮೂಗು ನಿನ್ನ ಅಜ್ಜನದು ಬಂದಿದೆ, ಬಾಯಿ ನನ್ನದು. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಅಂಥ ಹೊತ್ತಿನಲ್ಲಿ ನಿಮ್ಮ ಅಪ್ಪನಿಗೆ ಸಮುದ್ರ ನೆನಪಾಯಿತು. ಮೊದಲು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರಲ್ಲವೇ, ಪುಣೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಗುಡ್ಡವೇ ಕಂಡು ಬೇಸರ ಬಂದಿರಬೇಕು. ಗೆಳೆಯನ ಜೊತೆ ಸೇರಿ ಮುಂಬೈ ಕಡೆ ಒಂದು ಹಳೆಯ ಹಾಯಿದೋಣಿ ಕೊಂಡರು. ದೀಪಾವಳಿ ಮುಗಿಸಿ ಹೊರಟು, ಕರಾವಳಿ ಹಿಡಿದು ತಮ್ಮ ಮೂಲ ಊರಾದ ಗಂಗೊಳ್ಳಿಯವರೆಗೆ ಹೋಗಿ ಬರುವುದು, ಮಕ್ಕಳನ್ನೂ ಕರೆದುಕೊಂಡು. ನಿಮ್ಮ ಅವ್ವ ಶಾಲೆಗೆ ಹೋಗಿ ರಜೆ ಕೇಳಿ ಬಂದಳು.

"ರಜಾ ಕೊಟ್ಟಾರವ್ವಾ, ಆದ್ರ ಒಂದು ಷರತ್ತದ. ತಿರುಗಿ ಬಂದಮ್ಯಾಲೆ ಪುಟ್ಟಿ ಕ್ಲಾಸಿನ ಮುಂದ ನಿಂತು ಹತ್ತು ಮಿನಿಟು ಮಾತಾಡಬೇಕಂತ. ದೂರದ ನೌಕಾಯಾನದಿಂದ ಮಕ್ಕಳಿಗೆ ಆಗುವ ಲಾಭಗಳು, ಇದ ವಿಷಯ. ಬಾಯಿ ಬಿಡಲಿಲ್ಲಂದ್ರ ಇನ್ನೊಂದು ವರ್ಷ ನಾಲ್ಕನೇ ಕ್ಲಾಸಿನ್ಯಾಗ ಇರಬೇಕಂತ."

ಪುಟ್ಟೀ, ಆ ಸಂಜೆ ನೀನು ಅಡಿಗೆಮನೆಗೆ ಬಂದು, "ಅಜ್ಜಿ, ಹತ್ತು ಮಿನಿಟು ಅಂದ್ರ ಎಷ್ಟು ಉದ್ದ?" ಎಂದು ಕೇಳಿದೆ.

"ಐದು ರೊಟ್ಟಿ ಬಡಿದು ಬೇಯಿಸೋವಷ್ಟು."

ನೀನು ಬೆರಳು ಮಡಚಿ ಎಣಿಸಿದೆ. "ಭಾಳ ಆತು," ಎಂದು ಹೇಳಿ ಹೋಗಿ ಮಲಗಿದೆ.

ಈ ಪ್ರಯಾಣ ನಿಲ್ಲಬೇಕು ಎಂದು ಅಂದೇ ನಿಶ್ಚಯಿಸಿದೆ. ಹೋಗದಿದ್ದರೆ ಷರತ್ತೂ ಇರುವುದಿಲ್ಲ. ಆದರೆ ಅಳಿಯಂದಿರಿಗೆ ಬೇಡ ಎನ್ನುವ ಬಾಯಿ ನನಗೆಲ್ಲಿ? ಹದಿನಾಲ್ಕು ವರ್ಷ ಅವರೆದುರು ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಭಾನುವಾರ ಬೀಗರು ಊಟಕ್ಕೆ ಬಂದಿದ್ದರು. ಬೀಗರೆಂದರೆ ನಿಮ್ಮ ಅಪ್ಪನ ಅಪ್ಪ, ಪುಣೆಯ ಸದಾಶಿವ ಪೇಠದಲ್ಲಿ ಹೋಟೆಲು ನಡೆಸುವವರು. ಎಲ್ಲರೂ ಕೂತಿದ್ದಾಗ ತಟ್ಟೆ ನೋಡುತ್ತ ಹೇಳಿದೆ: "ಹಂಗಾರ ನಾನೂ ಬರ್ತೀನಿ."

ನನ್ನ ಅಂದಾಜು ಏನೆಂದರೆ, ಅರವತ್ತೆಂಟು ವರ್ಷದ, ಕೆರೆಯ ಮೆಟ್ಟಿಲಿಗೇ ಹೆದರುವ ಮುದುಕಿಯನ್ನು ಯಾರು ಸಮುದ್ರಕ್ಕೆ ಒಯ್ಯುತ್ತಾರೆ? ಎಲ್ಲರೂ ಬೇಡ ಬೇಡ ಎನ್ನುತ್ತಾರೆ, ಹಾಗಾದರೆ ಯಾರೂ ಬೇಡ ಎಂದಾಗುತ್ತದೆ. ಆದದ್ದೇ ಬೇರೆ. ಬಾಳ್ಯಾ, ನೀನು ಕುರ್ಚಿ ಹತ್ತಿ ಕುಣಿದೆ. ನಿಮ್ಮ ಅವ್ವನ ಕಣ್ಣಲ್ಲಿ ನೀರು ಬಂತು. ನಿಮ್ಮ ಅಪ್ಪ, "ಅತ್ತೆ ಬರುದಾದ್ರೆ ನಂಗೆ ಎಂತ ಚಿಂತೆಯೂ ಇಲ್ಲ," ಎಂದರು. ಬೀಗರು ಮಜ್ಜಿಗೆ ಲೋಟ ಕೆಳಗಿಟ್ಟು ನಕ್ಕದ್ದು ಮೂರು ಮನೆಗೆ ಕೇಳಿಸಿತು.

"ನೋಡಿ ಅಕ್ಕ, ನನ್ನ ಅಜ್ಜ ಹೋಟೆಲಿನಲ್ಲಿ ಲೋಟ ತೊಳೆಯಲಿಕ್ಕೆ ಅಂತ ಗಂಗೊಳ್ಳಿಯಿಂದ ದೋಣಿ ಹತ್ತಿ ಮುಂಬೈಗೆ ಬಂದದ್ದು. ಬರುವಾಗ ಇಡೀ ದಾರಿ ಅತ್ತಿದ್ದಾರಂತೆ. ಇವ ಅದೇ ದಾರಿಯಲ್ಲಿ ನಗ್ತಾ ವಾಪಸ್ ಹೋಗ್ತಾನೆ, ಅದೂ ಅತ್ತೆಯನ್ನು ಕಟ್ಟಿಕೊಂಡು!"

ಹೀಗೆ ಬೇಡ ಎನ್ನಲಾರದೆ ನಾನು ಸಮುದ್ರಕ್ಕೆ ಹೋದೆ.

ಹೋಗುವುದೆಂದ ಮೇಲೆ ಬುತ್ತಿ ಬೇಕು. ನಮ್ಮ ಧಾರವಾಡದ ಕಡೆ ದೂರ ಹೋಗುವವರಿಗೆ ಖಡಕ್ ರೊಟ್ಟಿ ಕಟ್ಟುತ್ತಾರೆ. ಜೋಳದ ರೊಟ್ಟಿಯನ್ನು ಹಪ್ಪಳದಂತೆ ತೆಳ್ಳಗೆ ಬಡಿದು, ಕೆಂಡದ ಮೇಲೆ ಗರಿಗರಿ ಮಾಡಿದರೆ ತಿಂಗಳುಗಟ್ಟಲೆ ಇರುತ್ತವೆ. ಪುಣೆ ಹತ್ತಿರದ ಸಾಸವಡದ ಬಜಾರದಿಂದ ಜೋಳ ತರಿಸಿ, ಎಂಟು ದಿನ ಕೂತು ಇನ್ನೂರು ರೊಟ್ಟಿ ಮಾಡಿದೆ. ಶೇಂಗಾ ಚಟ್ನಿ ಬೇರೆ. ಬೀಗರು ಹೋಟೆಲಿನಿಂದ ಚಕ್ಕುಲಿ ತುಂಬುವ ದೊಡ್ಡ ತಗಡಿನ ಡಬ್ಬಿ ತಂದರು. ಅದರ ಮುಚ್ಚಳ ತೆಗೆಯಲು ಚಮಚದ ಹಿಡಿಕೆ ಬೇಕು, ಅಷ್ಟು ಬಿಗಿ.

"ಇದರಲ್ಲಿ ಹಾಕಿ ಅಕ್ಕ. ಕಡಲ ಗಾಳಿ ಅಂದ್ರೆ ನಿಮಗೆ ಗೊತ್ತಿಲ್ಲ."

ರೊಟ್ಟಿಯ ವಿಷಯದಲ್ಲಿ ಗಂಗೊಳ್ಳಿಯವರು ನನಗೆ ಹೇಳುವುದೇ? ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆವರುತ್ತದೆ, ಬಟ್ಟೆಯಲ್ಲೇ ಕಟ್ಟಬೇಕು, ಗಾಳಿ ಆಡಬೇಕು. ಇದು ನಮ್ಮ ಅವ್ವ ಹೇಳಿದ್ದು, ಅವಳ ಅವ್ವ ಹೇಳಿದ್ದು. ಬಾಯಿ ಬಿಡದೆ ತಲೆ ಅಲ್ಲಾಡಿಸಿ, ನನ್ನ ಎರಡು ಹಳೆಯ ಇಳಕಲ್ ಸೀರೆ ಹರಿದು ನಾಲ್ಕು ಗಂಟು ಕಟ್ಟಿದೆ. ಬೀಗರ ಡಬ್ಬಿ ವಾಕಡದ ಮನೆಯಲ್ಲಿ ಖಾಲಿ ಕೂತಿತು.

ದೋಣಿ ಒಂದು ಬಸ್ಸಿನಷ್ಟು ಉದ್ದ, ಬಸ್ಸಿಗಿಂತ ಇಕ್ಕಟ್ಟು. ಹಗಲು ಹಾಯಿ ಬಿಚ್ಚಿ ಹೋಗುವುದು, ಸಂಜೆ ಯಾವುದಾದರೂ ಖಾಡಿಯ ಹಿನ್ನೀರಿನಲ್ಲಿ ಲಂಗರು ಹಾಕುವುದು. ಮೇಲೆ ಕೂರುವವರೆಲ್ಲ ತೇಲುವ ಜಾಕೆಟ್ಟು ಹಾಕಿ, ಸೊಂಟದ ಹಗ್ಗವನ್ನು ಕೊಂಡಿಗೆ ಸಿಕ್ಕಿಸಿಕೊಳ್ಳಬೇಕು. ನಾನು ಊರಲ್ಲಿ ಕರು ಕಟ್ಟಿದವಳು. ಈಗ ನನ್ನನ್ನೇ ಕಟ್ಟಿದರು. ಜಾಕೆಟ್ಟಿನ ಮೇಲೆ ಸೆರಗು ಹೊದ್ದು ಕೂತರೆ ಗೌರಿಹಬ್ಬಕ್ಕೆ ಸೀರೆ ಉಡಿಸಿದ ಕೊಡ ಕಂಡಂತೆ ಕಾಣುತ್ತಿದ್ದೆನಂತೆ. ನಿಮ್ಮ ಅವ್ವ ಅದರ ಫೋಟೋ ತೆಗೆದು ಬೀಗರಿಗೆ ಕಳಿಸಿದಳು.

ಮೊದಲ ಮೂರು ದಿನ ಹೇಳುವಂಥದ್ದೇನಿಲ್ಲ. ನಾಲ್ಕನೆಯ ದಿನ ಎದ್ದು, ಹಸಿವಾಗಿ, ರೊಟ್ಟಿಯ ಗಂಟು ಬಿಚ್ಚಿದೆ. ಮೇಲಿನ ರೊಟ್ಟಿ ಕೈಗೆತ್ತಿಕೊಂಡರೆ ಎರಡೂ ಕಡೆ ಜೋತುಬಿತ್ತು. ಮುರಿಯಲು ಹೋದರೆ ಮಡಚಿಕೊಂಡಿತು. ಇನ್ನೂರೂ ಹಾಗೆಯೇ, ಒಗೆದು ಹಿಂಡಿದ ಅರಿವೆಯ ಹಾಗೆ. ಸಮುದ್ರದ ಗಾಳಿ ಅಷ್ಟೂ ಸೀರೆಯೊಳಗೆ ಹೊಕ್ಕು ಆರಾಮಾಗಿ ಕೂತಿತ್ತು. ಡಬ್ಬಿ ನೆನಪಾಯಿತು. ಯಾರಿಗೂ ಹೇಳಲಿಲ್ಲ.

ಆದರೆ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಬರೆಯಲು ನಾಚಿಕೆ, ಆದರೆ ಇದಿಲ್ಲದೆ ಕಥೆಯೇ ಇಲ್ಲ. ದೋಣಿಯಲ್ಲಿ ಶೌಚದ ಕೋಣೆ ಒಂದೇ, ಬಟ್ಟೆಯ ಕಪಾಟಿನಷ್ಟಿತ್ತು. ನೀರು ಬಿಡಲು ಗುಂಡಿ ಇಲ್ಲ, ಪಕ್ಕದಲ್ಲಿ ಕೈಪಂಪು. ನಿಮ್ಮ ಅಪ್ಪ ಮೊದಲ ದಿನವೇ ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸಿ ಪಾಠ ಮಾಡಿದ್ದರು. "ಪ್ರತಿ ಸಲ ಇಪ್ಪತ್ತೈದು ಹೊಡೆಯಬೇಕು. ಕಮ್ಮಿಯಾದ್ರೆ ಕಟ್ಟಿಕೊಳ್ತದೆ. ಅತ್ತೆ, ನಿಮಗೂ ಹೇಳಿದ್ದು."

ಅಳಿಯಂದಿರು ಅತ್ತೆಗೆ ಹೇಳುವ ಮಾತೇ ಅದು? ಮೇಲಾಗಿ ಆ ಪಂಪಿನ ಸದ್ದು ಊರಬಾವಿಯ ರಾಟೆಯದಕ್ಕಿಂತ ಜೋರು. ಕಿರ್ರ್ ಧಡ್, ಕಿರ್ರ್ ಧಡ್, ಇಪ್ಪತ್ತೈದು ಸಲ. ಸರಿಯಾಗಿ ಅದರ ತಲೆಯ ಮೇಲೆ ಚುಕ್ಕಾಣಿ ಹಿಡಿದು ಅಳಿಯಂದಿರು ಕೂತಿರುತ್ತಾರೆ. ಮಲಗಿದ್ದ ಮೂರು ದಿನ ನಿಮ್ಮ ಅವ್ವನೇ ಪಂಪು ಹೊಡೆದಳು. ಎದ್ದ ಮೇಲೆ ಒಂದೂವರೆ ದಿನ ತಡೆದೆ. ಆಮೇಲೆ ತಡೆಯಲಾಗಲಿಲ್ಲ. ನಿಮ್ಮಿಬ್ಬರನ್ನೂ ಆ ಬಾಗಿಲ ಬಳಿ ಕರೆದೆ.

"ಇಲ್ಲೇ ಕೂತು ಮಗ್ಗಿ ಹೇಳ್ರಿ. ಗಟ್ಟಿಯಾಗಿ ಹೇಳ್ರಿ. ನಾ ಹೊರಗ ಬರೂತನಕ ನಿಲ್ಲಿಸಬ್ಯಾಡ್ರಿ."

"ಯಾವ ಮಗ್ಗಿ, ಅಜ್ಜಿ?"

ಹನ್ನೆರಡರವರೆಗೆ ನಿನಗೆ ಬರುತ್ತಿತ್ತು, ಪುಟ್ಟೀ. ಬರುವುದನ್ನು ಬೇಗ ಹೇಳಿ ಮುಗಿಸುತ್ತೀ. ಅದಕ್ಕೇ ಹದಿಮೂರು ಎಂದೆ. ಒಂದೊಂದು ಸಾಲು ನಾನು ಒಳಗಿನಿಂದ ಹೇಳಿದೆ, ನೀವು ಹೊರಗಿನಿಂದ ಕೂಗಿದಿರಿ. ಹದಿಮೂರೊಂದ್ಲೆ ಹದಿಮೂರು, ಕಿರ್ರ್ ಧಡ್. ಹದಿಮೂರೆರಡ್ಲೆ ಇಪ್ಪತ್ತಾರು, ಕಿರ್ರ್ ಧಡ್. ಬಾಳ್ಯಾ, ನಿನಗೆ ಐದು ವರ್ಷ, ಲೆಕ್ಕ ಬರುತ್ತಿರಲಿಲ್ಲ, ಆದರೆ ಕೂಗು ಬರುತ್ತಿತ್ತು. ಎರಡು ಸಲ ಮಗ್ಗಿ ಮುಗಿದು, ಮೂರನೆಯ ಸಲ ಹದಿಮೂರೈದ್ಲೆ ಅರವತ್ತೈದು ಬರುವ ಹೊತ್ತಿಗೆ ಸರಿಯಾಗಿ ಇಪ್ಪತ್ತೈದು ಮುಗಿಯಿತು. ನಮ್ಮ ಶಾಲೆಯ ಮಾಸ್ತರರು ದಿನಾ ಸಂಜೆ ಸಾಲಾಗಿ ನಿಲ್ಲಿಸಿ ಇದೇ ಮಗ್ಗಿ ಹೇಳಿಸುತ್ತಿದ್ದರು. ಅದು ಇಂಥ ಕೆಲಸಕ್ಕೆ ಬಂದೀತೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಎದ್ದು ಆ ಕಡೆ ನೋಡಿದರೆ ಸಾಕು, ನೀವು ಆಟ ಬಿಟ್ಟು ಓಡಿ ಬರುತ್ತಿದ್ದಿರಿ. ರತ್ನಾಗಿರಿ ದಾಟುವಷ್ಟರಲ್ಲಿ ಹದಿಮೂರು ಕಂಠಪಾಠವಾಗಿ, ಬೇಗ ಮುಗಿಯತೊಡಗಿತು. ಹದಿನಾಲ್ಕಕ್ಕೆ ಏರಿಸಿದೆ. ಮಾಲ್ವಣದಲ್ಲಿ ನನಗೆ ಹೊಟ್ಟೆ ಕೆಟ್ಟಿತು. ಆ ಎರಡು ದಿನದಲ್ಲಿ ನೀವು ಹತ್ತೊಂಬತ್ತರವರೆಗೆ ಕಲಿತಿರಿ. ನಿಮ್ಮ ಅಪ್ಪನಿಗೆ ಇದರ ಹೊರ ರೂಪ ಮಾತ್ರ ಕಾಣುತ್ತಿತ್ತು. ಒಂದು ಸಂಜೆ ಬೀಗರಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಅತ್ತೆ ಭಾರಿ ಶಿಸ್ತು ಅಪ್ಪ. ದಿನಕ್ಕೆ ಐದಾರು ಸಲ ಮಗ್ಗಿ. ನಿನ್ನೆ ಮೈ ಸರಿ ಇರ್ಲಿಲ್ಲ ಅವರಿಗೆ, ಆದ್ರೂ ಬಿಡ್ಲಿಲ್ಲ, ಹನ್ನೊಂದು ಸಲ ಹೇಳಿಸಿದ್ರು!" ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನೀವಿಬ್ಬರೂ ಹಾಸಿಗೆಯಲ್ಲಿ ಮುಖ ಹುದುಗಿಸಿ ನಕ್ಕಿರಿ.

ಇತ್ತ ರೊಟ್ಟಿ ಉಳಿಸಬೇಕಿತ್ತು. ಬಿಸಿಲು ಚೆನ್ನಾಗಿದ್ದ ಒಂದು ಬೆಳಿಗ್ಗೆ, ಮಾಲ್ವಣಕ್ಕೆ ಮೊದಲೇ, ದೇವಗಡದ ಹತ್ತಿರ, ದೋಣಿಯ ಸುತ್ತಲಿನ ತಂತಿಗೆ ಬಟ್ಟೆಯ ಚಿಮಟ ಹಾಕಿ ಎಂಬತ್ತು ರೊಟ್ಟಿ ತೂಗಿಬಿಟ್ಟೆ. ಪುಟ್ಟೀ, ನೀನೂ ನಾನೂ ಒಂದೇ ಕೊಂಡಿಗೆ ಹಗ್ಗ ಸಿಕ್ಕಿಸಿಕೊಂಡು ಹಕ್ಕಿ ಓಡಿಸುತ್ತ ಕೂತಿದ್ದೆವು. ಆಗ ನೀನು ಹೇಳಿದ್ದು ನನಗೆ ನೆನಪಿದೆ.

"ಅಜ್ಜಿ, ಸಾಲ್ಯಾಗ ಎಲ್ಲಾರೂ ನನ್ನ ಬಾಯೀನ ನೋಡತಾರ, ಈಗ ಮಾತಾಡತಾಳೇನು, ಈಗ ಮಾತಾಡತಾಳೇನು ಅಂತ. ಇಲ್ಲೆ ಯಾರೂ ನೋಡಂಗಿಲ್ಲ."

ಏನು ಹೇಳಬೇಕೋ ತಿಳಿಯದೆ ನಾನೂ ನಿನ್ನ ಬಾಯಿ ನೋಡುವುದನ್ನು ಬಿಟ್ಟು ರೊಟ್ಟಿ ನೋಡತೊಡಗಿದೆ.

ಅಷ್ಟರಲ್ಲಿ ಮೀನುಗಾರರ ದೋಣಿಯೊಂದು ನಮ್ಮನ್ನು ದಾಟಿ ಹೋದದ್ದು, ಅನುಮಾನ ಬಂದು ತಿರುಗಿ ಹತ್ತಿರ ಬಂತು. ಅದರಲ್ಲಿದ್ದ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು, ಇದು ಯಾವ ಜಾತಿಯ ಮೀನು ಅಜ್ಜಿ, ಎಲ್ಲಿ ಸಿಕ್ಕಿತು ಎಂದು ಮರಾಠಿಯಲ್ಲಿ ಕೂಗಿ ಕೇಳಿದ. ಮೀನಿರಲಿ, ನಾನು ಬೆಳ್ಳುಳ್ಳಿಯನ್ನೂ ಲೆಕ್ಕ ಹಾಕಿ ತಿನ್ನುವವಳು! ಆದರೆ ಅಲ್ಲ ಎನ್ನಲು ಬಾಯಿ ಏಳಲಿಲ್ಲ. ಅವನು ಇನ್ನೊಮ್ಮೆ ಕೇಳಿದ. ಆಗ ನನ್ನ ಪಕ್ಕದಿಂದ, ಹದಿಮೂರರ ಮಗ್ಗಿಯ ಅದೇ ದನಿಯಲ್ಲಿ, ಒಂದು ಕೂಗು ಹೊರಟಿತು.

"ಮಾಸಾ ನಾಹೀ ಕಾಕಾ, ಭಾಕರೀ! ಭಾಕರೀ!"

ಮೀನಲ್ಲ, ರೊಟ್ಟಿ. ಅವರಿಗೆ ನಂಬಿಕೆ ಬರಲಿಲ್ಲ. ನೀನು ಒಂದು ರೊಟ್ಟಿ ಕಿತ್ತು ಅವರ ದೋಣಿಗೆ ಎಸೆದೆ. ಅವರು ಮುರಿದು ತಿಂದು, ಒಬ್ಬರ ಮುಖ ಒಬ್ಬರು ನೋಡಿ, ಬದಲಿಗೆ ಎರಡು ಎಳನೀರು ಎಸೆದರು. ನೀನು ಗುರುತಿಲ್ಲದವರ ಜೊತೆ ಆಡಿದ ಮೊದಲ ಮಾತು ಅದು. ನಾನು ಯಾರ ಮುಂದೆಯೂ ಅದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದರೆ ಮತ್ತೆ ಎಲ್ಲರೂ ಬಾಯಿ ನೋಡಲು ಶುರು ಮಾಡುತ್ತಾರೆ.

ಗಂಗೊಳ್ಳಿಗೆ ಬೀಗರು ರೈಲಿನಲ್ಲಿ ಮೊದಲೇ ಬಂದು ದಕ್ಕೆಯ ಮೇಲೆ ನಿಂತಿದ್ದರು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. "ಎಂತ ಅಕ್ಕ, ನಿಮ್ಮ ರೊಟ್ಟಿ ಕಡಲು ಕಂಡಿತಾ?" ಎಂದರು. ನಾನು ಗಂಜಿಯ ಬಟ್ಟಲಿಗೇ ತಲೆ ಬಗ್ಗಿಸಿದೆ. ಹಿಂದಿರುಗುವ ದಾರಿಯಲ್ಲಿ ಎದುರು ಗಾಳಿ, ಹೆಚ್ಚು ದಿನ ಹಿಡಿಯಿತು. ಅದನ್ನೆಲ್ಲ ನಿಮ್ಮ ಅಪ್ಪ ಚೆನ್ನಾಗಿ ಹೇಳುತ್ತಾರೆ. ಮುಂಬೈಯ ಕಟ್ಟಡಗಳು ಕಂಡ ದಿನ ನಾನು ನಿಮ್ಮಿಬ್ಬರ ಕೈಯನ್ನು ಸಮುದ್ರದ ನೀರಿಗೆ ಅದ್ದಿಸಿ ಆಣೆ ಹಾಕಿಸಿದೆ. "ಮಗ್ಗಿ ಯಾಕ ಹೇಳಿದ್ವಿ ಅನ್ನೋದು ಈ ನೀರಾಗ ಇರಲಿ. ಪುಣೇಕ್ಕ ಒಯ್ಯಬ್ಯಾಡ್ರಿ." ನೀವು ಗಂಭೀರವಾಗಿ ತಲೆಯಾಡಿಸಿದಿರಿ.

ಪುಣೆಗೆ ಬಂದೆವು. ಮರುದಿನವೇ ಶಾಲೆಯಲ್ಲಿ ಪುಟ್ಟಿಯ ಬಾಯಿಗೆ ಮತ್ತೆ ಬೀಗ. ಷರತ್ತಿನ ದಿನ ಹತ್ತಿರ ಬಂತು. ನಿಮ್ಮ ಅಪ್ಪ ಲಾಭಗಳ ಪಟ್ಟಿ ಬರೆದುಕೊಟ್ಟರು: ಧೈರ್ಯ, ಶಿಸ್ತು, ಸಹಕಾರ, ನಿಸರ್ಗ ಪ್ರೇಮ. ಒಂದೊಂದಕ್ಕೂ ಮೂರು ಮೂರು ವಾಕ್ಯ. ನೀನು ಅದನ್ನು ಮನೆಯ ಗೋಡೆಗೆಲ್ಲ ಒಪ್ಪಿಸಿದೆ, ನನಗೂ ಒಪ್ಪಿಸಿದೆ. ಕೇಳಲು ಸರಿಯಾಗಿಯೇ ಇತ್ತು. ಆದರೆ ಅದು ನಿನ್ನದಲ್ಲ ಎಂದು ನನಗೆ ಗೊತ್ತಾಗುತ್ತಿತ್ತು, ಬಾಡಿಗೆಗೆ ತಂದ ಪಾತ್ರೆಯ ಹಾಗೆ.

ಆ ದಿನ ಮನೆಯವರನ್ನೂ ಕರೆದಿದ್ದರು. ನಿಮ್ಮ ಅಪ್ಪ, ಅವ್ವ, ನಾನು ಹಿಂದಿನ ಬೆಂಚಿನಲ್ಲಿ, ಬಾಳ್ಯಾ ನನ್ನ ತೊಡೆಯ ಮೇಲೆ. ನಲವತ್ತು ಮಕ್ಕಳು. ಶಿಕ್ಷಕಿ ಒಳ್ಳೆಯ ಹೆಣ್ಣುಮಗಳು, ನಗುನಗುತ್ತ ಪುಟ್ಟಿಯನ್ನು ಮುಂದೆ ಕರೆದು ಗಡಿಯಾರ ನೋಡಿಕೊಂಡರು. ಪುಟ್ಟೀ, ನೀನು ನಿಂತೆ. ನಲವತ್ತು ಜನ ನಿನ್ನ ಬಾಯಿ ನೋಡಿದರು. ಒಂದು ನಿಮಿಷ ಆಯಿತು. ನಿಮ್ಮ ಅಪ್ಪ ತುಟಿ ಅಲ್ಲಾಡಿಸಿ "ಧೈರ್ಯ, ಧೈರ್ಯ" ಎಂದು ಸನ್ನೆ ಮಾಡುತ್ತಿದ್ದರು. ಎರಡು ನಿಮಿಷ ಆಯಿತು. ನೀನು ನೆಲ ನೋಡತೊಡಗಿದೆ. ಆ ನೆಲ ನನಗೆ ಗೊತ್ತು. ಅರವತ್ತು ವರ್ಷದ ಹಿಂದೆ ಇನ್ಸ್‌ಪೆಕ್ಟರ ಮುಂದೆ ನಾನು ನೋಡಿದ ನೆಲವೇ ಅದು. ಶಿಕ್ಷಕಿ ಬರೆದುಕೊಳ್ಳಲು ಪೆನ್ನು ತೆಗೆದರು.

ನನಗೆ ಏನಾಯಿತೋ. ಎದ್ದು ನಿಂತೆ. ತಲೆಯ ಮೇಲಿನ ಸೆರಗು ಜಾರಿತು, ಜಾರಲಿ ಎಂದು ಬಿಟ್ಟೆ. ಆ ಇಂಗ್ಲಿಷ್ ಶಾಲೆಯ ಗೋಡೆಗಳು ಹಾರುವಂತೆ ಕೂಗಿದೆ.

"ಹದಿಮೂರೊಂದ್ಲೆ ಹದಿಮೂರು!"

ನನ್ನ ತೊಡೆಯಿಂದ ಜಾರಿದ ಬಾಳ್ಯಾ, ಪದ್ಧತಿ ತಪ್ಪದೆ, ಬೆಂಚು ಗುದ್ದಿ "ಕಿರ್ರ್ ಧಡ್!" ಎಂದ.

ಪುಟ್ಟೀ, ನೀನು ತಲೆ ಎತ್ತಿ ನನ್ನನ್ನು ನೋಡಿದೆ. ನಾನು ತಲೆಯಾಡಿಸಿದೆ, ಆಣೆ ಬಿಡು, ಹೇಳು ಎಂದು. ನಿನ್ನ ಮುಖ ಕೆಂಪಾಯಿತು, ಕೆನ್ನೆ ಉಬ್ಬಿತು, ಆಮೇಲೆ ನಗು ಒಡೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಾಕೆ ನಗುತ್ತೀ ಎಂದು ಮುಂದಿನ ಸಾಲಿನ ಒಬ್ಬಳು ಕೇಳಿದಳು. ನಗುವಿನ ಕಾರಣ ಹೇಳಬೇಕಲ್ಲ, ಹೇಳತೊಡಗಿದೆ. ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ, ನಡುನಡುವೆ ನಮ್ಮ ಕನ್ನಡದಲ್ಲಿ. ನನ್ನ ಪಂಪು, ಇಪ್ಪತ್ತೈದು ಸಲ, ಮಾಲ್ವಣದ ಹೊಟ್ಟೆ, ಹನ್ನೊಂದು ಸಲದ ಶಿಸ್ತು, ತಂತಿಗೆ ತೂಗಿದ ರೊಟ್ಟಿ, ಮೀನಿನ ಮುದುಕ. ಏನನ್ನೂ ಬಿಡಲಿಲ್ಲ. ಕಪಾಟಿನಂಥ ಆ ಕೋಣೆ ಹೇಗಿತ್ತೆಂದು ಕರಿಹಲಗೆಯ ಮೇಲೆ ಚಿತ್ರ ಬೇರೆ ಬರೆದೆ. ಮಕ್ಕಳು ಬೆಂಚಿನಿಂದ ಉರುಳಿದರು. ಶಿಕ್ಷಕಿ ಕಣ್ಣೊರಸಿಕೊಳ್ಳುತ್ತ, "ಪುರೇ ಬಾಳ, ಪುರೇ," ಸಾಕು ಮಗಳೇ ಸಾಕು ಎಂದರು. ನಿನ್ನದು ಇನ್ನೂ ಗೋವಾ ಕೂಡ ದಾಟಿರಲಿಲ್ಲ. ಇಪ್ಪತ್ತೆರಡು ನಿಮಿಷ. ಹನ್ನೊಂದು ರೊಟ್ಟಿ.

ನಾನು ಮತ್ತೆ ಬೆಂಚಿನಲ್ಲಿ ಕೂತಿದ್ದೆ. ನಿಮ್ಮ ಅಪ್ಪನ ಕಡೆ ನೋಡುವ ಧೈರ್ಯ ಇರಲಿಲ್ಲ. ನೆಲ ಬಿರಿಯಲಿ ಅನ್ನಿಸಬೇಕಿತ್ತು, ಯಾಕೋ ಅನ್ನಿಸಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ ನಿಮ್ಮ ಅಪ್ಪ, ರಸ್ತೆಯನ್ನೇ ನೋಡುತ್ತ, ಹೇಳಿದರು: "ಅತ್ತೆ, ಆ ಪಂಪಿಗೆ ಹತ್ತು ಸಾಕಿತ್ತು. ಮಕ್ಕಳು ಎರಡು ಹೊಡೆದು ಓಡ್ತಾರಲ್ಲ ಅಂತ ಇಪ್ಪತ್ತೈದು ಹೇಳಿದ್ದು."

ನಿಮ್ಮ ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ನಾನು ಅಳಿಯಂದಿರಿಗೆ ಮೊದಲ ಸಲ ಎದುರು ಮಾತಾಡಿದೆ.

"ಹತ್ತಂದಿದ್ರ ಹುಡುಗರು ಹದಿಮೂರರ ಮಗ್ಗಿ ಕಲೀತಿದ್ದಿಲ್ರಿ."

ಶಾಲೆಯವರು ಪುಟ್ಟಿಯನ್ನು ಐದನೆಯದಕ್ಕೆ ಹಾಕಿದರು. ಈಗ ಅವರ ದೂರು, ಸುಮ್ಮನಿರು ಎಂದರೆ ಸುಮ್ಮನಿರುವುದಿಲ್ಲ ಎಂದು.

ದೂರದ ನೌಕಾಯಾನದಿಂದ ಮಕ್ಕಳಿಗೆ ಏನು ಲಾಭ ಎಂದು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರು ಕೇಳುತ್ತಾರೆ. ನಾನು ನಿಮ್ಮ ಅಪ್ಪನ ಕಡೆ ಕೈ ತೋರಿಸುತ್ತೇನೆ. ನನಗೆ ಗೊತ್ತಿರುವುದು ಇಷ್ಟೇ, ಇದನ್ನು ನಿಮಗೆ ಬರೆದುಕೊಟ್ಟಿದ್ದೇನೆ. ಈ ಹಾಳೆಗಳನ್ನು ಬಟ್ಟೆಯಲ್ಲಿ ಕಟ್ಟಿಡಬೇಡಿರಿ. ಬೀಗರ ಆ ತಗಡಿನ ಡಬ್ಬಿ ಅಡಿಗೆಮನೆಯ ಮೇಲಿನ ಹಲಗೆಯ ಮೇಲಿದೆ, ಚಮಚದ ಹಿಡಿಕೆ ಹಾಕಿ ತೆಗೆಯಬೇಕು. ಅದರಲ್ಲಿಟ್ಟು ಮುಚ್ಚಳ ಗುದ್ದಿ ಬಿಗಿ ಮಾಡಿರಿ. ಬೀಗರು ಹೇಳಿದ್ದು ಸರಿಯಿತ್ತು, ಆದರೆ ನಾನು ಹಾಗೆಂದೆ ಎಂದು ಅವರಿಗೆ ಹೇಳಬೇಡಿರಿ.